ಬುಟ್ಟಿಯಲ್ಲಿ ಬಂದ ಚೀಟಿ

ಕೊರೋನಾ ಮುಗಿದ ಮರುವರ್ಷ ನಾನು ಧಾರವಾಡದಲ್ಲಿ ಹಿರಿಯ ಕಾರ್ಮಿಕ ನಿರೀಕ್ಷಕಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಅಂಗಡಿ, ಹೋಟೆಲು, ಕಾರ್ಖಾನೆಗಳಿಗೆ ಹೋಗಿ ದುಡಿಯುವವರ ಸ್ಥಿತಿ ನೋಡುವುದು ನಮ್ಮ ಕೆಲಸ. ಮನೆಗಳ ಮಾತು ಬೇರೆ. ಕಾರ್ಖಾನೆಯೊಳಗೆ ಹೋದಂತೆ ಯಾರದೋ ಅಡುಗೆಮನೆಯೊಳಗೆ ಹೋಗಲು ನಮಗೆ ಬರುವುದಿಲ್ಲ. ಮರ್ಯಾದಸ್ಥರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ.

ಒಂದು ಸೋಮವಾರ ಅಮ್ಮಿನಬಾವಿಯ ಕಲ್ಲವ್ವ ಎಂಬ ಹೆಂಗಸು ಕಚೇರಿಗೆ ಬಂದಳು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕಾಯಿಪಲ್ಲೆ ತಂದು ಧಾರವಾಡದ ಒಂದು ಬಡಾವಣೆಯಲ್ಲಿ ಮಾರುವವಳು. ಅಲ್ಲಿ ನಿವೃತ್ತ ಪ್ರಾಚಾರ್ಯರೊಬ್ಬರ ಮನೆಯ ಮಹಡಿಯಿಂದ ಹುಡುಗಿಯೊಬ್ಬಳು ಹಗ್ಗ ಕಟ್ಟಿದ ಬುಟ್ಟಿಯನ್ನು ಇಳಿಬಿಟ್ಟು ಪಲ್ಲೆ ತೆಗೆದುಕೊಳ್ಳುತ್ತಾಳೆಂದೂ, ಯಾವುದೋ ದೂರದ ಸೀಮೆಯವಳೆಂದೂ ಹೇಳಿದಳು.

"ಎಂಟು ತಿಂಗಳಾತ್ರಿ ಅಕ್ಕಾರ, ಆಕಿ ಒಮ್ಮೆನೂ ಗೇಟ್ ದಾಟಿ ಬಂದಿಲ್ಲ. ಅವರು ಹೊರಗ ಹೋಗುವಾಗ ಕೀಲಿ ಹಾಕ್ಕೊಂಡ ಹೋಗ್ತಾರ."

ಆ ಓಣಿಯಲ್ಲಿ ಹದಿನಾಲ್ಕು ಮನೆ. ವಕೀಲರು, ಡಾಕ್ಟರು, ಪೆನ್ಶನ್ ಪಡೆಯುವ ಅಧಿಕಾರಿಗಳು. ಸಂಜೆ ವಾಕಿಂಗ್ ಮಾಡುತ್ತ ದೇಶದ ತೊಂದರೆಗಳನ್ನೆಲ್ಲ ಬಗೆಹರಿಸಿ ಮನೆಗೆ ಮರಳುವ ಜನ. ಅವರಲ್ಲಿ ಒಬ್ಬರ ಕಣ್ಣಿಗೂ ಆ ಕೀಲಿ ಬಿದ್ದಿರಲಿಲ್ಲ. ಮೆಂತ್ಯೆ ಪಲ್ಲೆ ಮಾರುವವಳ ಕಣ್ಣಿಗೆ ಬಿದ್ದಿತ್ತು.

ಮರುದಿನ ನಾನು ಆ ಮನೆಗೆ ಹೋದೆ. ಪ್ರಾಚಾರ್ಯರ ಹೆಸರು ಇಲ್ಲಿ ಬರೆಯುವುದಿಲ್ಲ. ಪ್ರಕರಣ ಇನ್ನೂ ನ್ಯಾಯಾಲಯದಲ್ಲಿದೆ, ಅಷ್ಟೇ ಕಾರಣ, ಗೌರವವೇನಲ್ಲ. ಅವರು ವರಾಂಡದಲ್ಲಿ ಕೂರಿಸಿ, ತಮ್ಮ ಶಿಷ್ಯರಲ್ಲಿ ಯಾರು ಯಾರು ಯಾವ ಯಾವ ಇಲಾಖೆಯಲ್ಲಿದ್ದಾರೆಂದು ಹೇಳಿದರು. ನನ್ನ ಮೇಲಧಿಕಾರಿಯ ಹೆಸರೂ ಅದರಲ್ಲಿತ್ತು. ಅಷ್ಟರಲ್ಲಿ ಆ ಹುಡುಗಿಯೇ ಚಹಾ ತಂದಳು. ಇಪ್ಪತ್ತೆರಡರ ಆಸುಪಾಸು, ತೀರಾ ಬಡಕಲು.

"ನಮ್ಮನಿ ಮಗಳಿದ್ದಂಗ ಇದ್ದಾಳ್ರಿ ಮೇಡಂ. ಬೇಕಾದ್ರ ಆಕಿನ್ನ ಕೇಳ್ರಿ," ಎಂದರು ಪ್ರಾಚಾರ್ಯರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿಯಲ್ಲಿ ತಾವೇ ಕೇಳಿದರು. ಅವಳು ತಲೆ ಅಲ್ಲಾಡಿಸಿದಳು. ಏನೂ ತೊಂದರೆ ಇಲ್ಲವಂತೆ ಎಂದು ಕನ್ನಡದಲ್ಲಿ ನನಗೆ ತಿಳಿಸಿದವರೂ ಅವರೇ. ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದ ನನಗೆ ಹಿಂದಿ ಸಲೀಸು. ಆದರೂ ಅವರು ಹೇಳಿದ್ದನ್ನೇ ಬರೆದುಕೊಂಡೆ. ದೂರಿನಲ್ಲಿ ಹುರುಳಿಲ್ಲ ಎಂದು ಷರಾ ಬರೆದು ಸಹಿ ಮಾಡಿದೆ. ಮೂವತ್ತು ವರ್ಷದ ಸರ್ವಿಸಿನಲ್ಲಿ ನಾನು ಮಾಡಿದ ಅತ್ಯಂತ ಹೇಸಿಗೆಯ ಸಹಿ ಅದು.

ಮುಂದಿನ ವಾರ ಕಲ್ಲವ್ವ ಮತ್ತೆ ಬಂದಳು. ನಾನು ಹೋಗಿ ವಿಚಾರಿಸಿದ್ದೇನೆ, ಆ ಹುಡುಗಿ ತೊಂದರೆ ಇಲ್ಲ ಎಂದಿದ್ದಾಳೆ ಎಂದು ಸ್ವಲ್ಪ ಬಿರುಸಾಗಿಯೇ ಹೇಳಿದೆ.

"ಮಾಲಕರು ಮುಂದ ನಿಂತಾಗ ಕೇಳಿದ್ರೇನ್ರಿ?" ಎಂದಳು ಅವಳು. ಅವಳು ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ಕೊಟ್ಟಳು. ಬೆಳಿಗ್ಗೆ ಬುಟ್ಟಿಯಲ್ಲಿ ಬಂದದ್ದು. ಕಲ್ಲವ್ವನಿಗೆ ಓದಲು ಬಾರದು. ಮುಖ್ಯವಾದದ್ದೇ ಇರಬೇಕೆಂದು ವ್ಯಾಪಾರ ಅರ್ಧಕ್ಕೆ ಬಿಟ್ಟು ನೇರ ನನ್ನ ಕಡೆ ಬಂದಿದ್ದಳು.

ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ದುಂಡಗಿನ ಹಿಂದಿ ಅಕ್ಷರಗಳು. ತನ್ನ ಹೆಸರು ಫೂಲ್ಮಣಿ, ಊರು ಜಾರ್ಖಂಡದಲ್ಲಿದೆ, ಫೋನು ಮತ್ತು ಆಧಾರ್ ಕಾರ್ಡು ಇವರ ಬೀರುವಿನಲ್ಲಿವೆ, ಬರುವ ಭಾನುವಾರ ತನ್ನನ್ನು ಪುಣೆಯಲ್ಲಿರುವ ಇವರ ತಂಗಿಯ ಮನೆಗೆ ಕಳಿಸುತ್ತಾರೆ, ಅಲ್ಲಿಗೆ ಹೋದರೆ ಮುಗಿಯಿತು. ಇಷ್ಟೇ ಇತ್ತು.

ಅಂದು ಗುರುವಾರ. ಜೀತಪದ್ಧತಿ ತಡೆಯುವ ಕಾನೂನಿನಲ್ಲಿ ಬಿಡುಗಡೆ ಮಾಡಿಸುವ ಅಧಿಕಾರ ಉಪವಿಭಾಗಾಧಿಕಾರಿಗೆ ಇದೆ. ಜೀತ ಎಂದರೆ ಕಾಲಿಗೆ ಸರಪಳಿ ಇರಬೇಕೆಂದು ಬಹಳ ಜನ ತಿಳಿದಿದ್ದಾರೆ. ಬಿಟ್ಟು ಹೋಗಲಾಗದಂತೆ ಕಟ್ಟಿಹಾಕಿ ದುಡಿಸಿಕೊಳ್ಳಲು ಒಂದು ಕೀಲಿ, ಒಂದು ಬೀರು ಸಾಕು. ನಾನು ಮೊದಲು ನನ್ನ ಹಳೆಯ ಷರಾ ತಪ್ಪೆಂದು ಬರೆದುಕೊಟ್ಟೆ. ಮೇಲಧಿಕಾರಿ, ಅಂಥ ದೊಡ್ಡವರ ಮನೆ, ನಿಧಾನಿಸಿ ಎಂದರು. ನಾನು ನಿಧಾನಿಸಲಿಲ್ಲ. ಶುಕ್ರವಾರ ಹನ್ನೊಂದು ಗಂಟೆಗೆ ಉಪವಿಭಾಗಾಧಿಕಾರಿಯ ಆದೇಶ ಹಿಡಿದುಕೊಂಡು ಮಹಿಳಾ ಪೊಲೀಸರೊಂದಿಗೆ ಹೋದೆವು.

ಪ್ರಾಚಾರ್ಯರು, ಅವರ ಹೆಂಡತಿ ಇಬ್ಬರೂ ಹೊರಗೆ ಹೋಗಿದ್ದರು. ಗೇಟಿಗೆ ಕೀಲಿ. ಫೋನು ಮಾಡಿ ಕರೆಸಬೇಕಾಯಿತು. ಅರ್ಧ ಗಂಟೆ ನಾವು ಹೊರಗೆ, ಅವಳು ಮಹಡಿಯ ಮೇಲೆ, ಕಟಕಟೆ ಹಿಡಿದುಕೊಂಡು. ಅಕ್ಕಪಕ್ಕದ ಕಿಟಕಿಗಳಲ್ಲಿ ಪರದೆಗಳು ಸರಿದವು.

ಪ್ರಾಚಾರ್ಯರು ಬಂದವರೇ ಒಂದು ಬಾಂಡ್ ಪೇಪರ್ ತೋರಿಸಿದರು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅರಿವೆ ಅಂಗಡಿಯೊಂದರ ಮೇಲೆ ಕೋಣೆ ಮಾಡಿಕೊಂಡಿದ್ದ ಏಜೆಂಟನೊಬ್ಬ ಮಾಡಿಕೊಟ್ಟ ಕರಾರು. ಮೂರು ವರ್ಷ ಇಲ್ಲೇ ಇದ್ದು ಕೆಲಸ ಮಾಡಲು ಅವಳು ಒಪ್ಪಿದ್ದಾಳೆಂದು ಇಂಗ್ಲಿಷಿನಲ್ಲಿ ಬರೆದು ಕೆಳಗೆ ಹೆಬ್ಬೆಟ್ಟು ಒತ್ತಿಸಿತ್ತು. "ಅಕ್ಷರ ಬರದಾಕಿಗೆ ಅನ್ನ ಹಾಕಿದ್ದು ತಪ್ಪಾತೇನ್ರಿ?" ಎಂದು ಕೇಳಿದರು.

ಅವಳನ್ನು ಸರ್ಕಾರದ ಮಹಿಳಾ ಕೇಂದ್ರಕ್ಕೆ ಕರೆತಂದೆವು. ಅಲ್ಲಿ, ಬಾಗಿಲು ಮುಚ್ಚಿ, ನಾನೊಬ್ಬಳೇ ಕೂತು ಫೂಲ್ಮಣಿಯ ಹೇಳಿಕೆ ಬರೆದುಕೊಂಡೆ. ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ತರಬೇತಿ ಎಂದು ಹೇಳಿ ಏಜೆಂಟ್ ಅವಳನ್ನು ಕರೆತಂದಿದ್ದ. ಸುಳ್ಳು ಹೇಳಿ ಕರೆತಂದು ಹೀಗೆ ದುಡಿಸುವುದನ್ನೇ ಕಾನೂನು ಮಾನವ ಕಳ್ಳಸಾಗಣೆ ಎನ್ನುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದರೆ ಎಲ್ಲರೂ ಮಲಗುವವರೆಗೆ ಕೆಲಸ. ತಾಯಿಯ ದನಿ ಕೇಳಿ ಬಹಳ ದಿನವಾಗಿತ್ತು. ಹೊರಗೆ ಕಾಲಿಟ್ಟರೆ ಕಳ್ಳಿಯೆಂದು ದೂರು ಕೊಡುತ್ತೇವೆ ಎಂದು ಪ್ರಾಚಾರ್ಯರ ಹೆಂಡತಿ, ಅವಳನ್ನು ಮಗಳು ಎನ್ನುತ್ತಿದ್ದ ಮನೆಯ ತಾಯಿ, ಹೆದರಿಸಿದ್ದರು.

ಸಹಿ ಮಾಡು ಎಂದೆ. ಅವಳು ಕಾಗದ ಇಸಿದುಕೊಂಡು ನಿಧಾನವಾಗಿ ಪೂರ್ತಿ ಓದಿದಳು. ನಾನು ಕಲ್ಲವ್ವನ ಲೆಕ್ಕದಂತೆ ಎಂಟು ತಿಂಗಳು ಎಂದು ಬರೆದಿದ್ದೆ. ಅದನ್ನು ಹೊಡೆದು ಹನ್ನೊಂದು ಮಾಡಿದಳು. ಮೊದಲ ಮೂರು ತಿಂಗಳು ಮಹಡಿಯ ಕಟ್ಟೆಗೂ ಬಿಟ್ಟಿರಲಿಲ್ಲವಂತೆ. ಆಮೇಲೆ ಕೆಳಗೆ ಪೂರ್ತಿ ಹೆಸರು ಬರೆದಳು. ಚೀಟಿಯ ಅಕ್ಷರ, ಈ ಅಕ್ಷರ ಒಂದೇ. ಎಂಟನೇ ಇಯತ್ತೆ ಪಾಸಾದವಳು ಹೆಬ್ಬೆಟ್ಟು ಏಕೆ ಒತ್ತುತ್ತಾಳೆ? ಬೆರಳಚ್ಚು ತಜ್ಞರು ನೋಡಿ ಆ ಹೆಬ್ಬೆಟ್ಟು ಅವಳದ್ದೇ ಅಲ್ಲ ಎಂದರು. ಸಾವಿರಾರು ವಿದ್ಯಾರ್ಥಿಗಳಿಗೆ ಪಾಠ ಹೇಳಿದ ಮನುಷ್ಯ, ಹನ್ನೊಂದು ತಿಂಗಳು ಒಂದೇ ಸೂರಿನ ಕೆಳಗಿದ್ದ ಹುಡುಗಿಗೆ ಓದಲು ಬರುತ್ತದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ.

ಬಿಡುಗಡೆ ಪತ್ರ ಕೈಗೆ ಬಂದ ಮೇಲೆ ಮಹಿಳಾ ಪೇದೆಯೊಬ್ಬಳು ಫೂಲ್ಮಣಿಯನ್ನು ಊರಿಗೆ ಮುಟ್ಟಿಸಿ ಬಂದಳು. ಏಜೆಂಟ್ ಎರಡು ತಿಂಗಳ ನಂತರ ಸಿಕ್ಕ. ಪ್ರಾಚಾರ್ಯರಿಗೆ ಜಾಮೀನಾಯಿತು. ಇಳಿವಯಸ್ಸಿನ ದಂಪತಿಗೆ ಇಷ್ಟು ತ್ರಾಸ ಕೊಡಬಾರದಿತ್ತು ಎಂದು ಓಣಿಯ ಜನ ಮಾತಾಡಿಕೊಂಡರು.

ಒಂದು ವಿಚಾರಣೆಯ ದಿನ ನ್ಯಾಯಾಲಯದ ಹೊರಗೆ ಪ್ರಾಚಾರ್ಯರ ಹೆಂಡತಿ ನನ್ನ ಹತ್ತಿರ ಬಂದರು. ಕ್ಷಮೆ ಕೇಳುತ್ತಾರೇನೋ ಎಂದುಕೊಂಡೆ. ಅವರು ದನಿ ತಗ್ಗಿಸಿ ಹೇಳಿದರು:

"ಆಗಿದ್ದು ಆತ್ರಿ ಮೇಡಂ. ಮನಿ ಕೆಲಸಕ್ಕ ಯಾರರ ಇದ್ರ ಹೇಳ್ರಿ. ಇಲ್ಲೇ ಹತ್ರದ ಹೆಬ್ಬಳ್ಳಿ ಕಡೆಯವರು ಬ್ಯಾಡ, ಹಬ್ಬಕ್ಕೊಮ್ಮೆ ಊರಿಗೆ ಓಡ್ತಾರ. ದೂರದವರಾದ್ರ ಛಲೋ."

ಇಂಥವರಿಗೆ ಒಂದು ದಿನ ನಾಚಿಕೆಯಾದೀತು ಎಂಬ ನಂಬಿಕೆ ಅಲ್ಲಿಯವರೆಗೆ ನನ್ನಲ್ಲಿ ಚೂರು ಉಳಿದಿತ್ತು. ಅದನ್ನು ಅಲ್ಲೇ ಬಿಟ್ಟು ಬಂದೆ. ಹೊಸದಾಗಿ ಸೇರಿದ ನಿರೀಕ್ಷಕರು ಕೇಳಿದರೆ ಈಗ ಇಷ್ಟೇ ಹೇಳುತ್ತೇನೆ: ಮಾಲೀಕರ ನಾಚಿಕೆಗಾಗಿ ಕಾಯಬೇಡಿ, ಆದೇಶ ತನ್ನಿ. ದುಡಿಯುವವಳನ್ನು ಒಬ್ಬಳನ್ನೇ ಕೂರಿಸಿಕೊಂಡು, ಅವಳ ಮಾತಿನಲ್ಲೇ ಕೇಳಿ. ಉತ್ತರ ಬರುವವರೆಗೆ ಎದ್ದು ಬರಬೇಡಿ.