ನಲವತ್ತೊಂದನೇ ಪುಟದ ಗುರುತು

ನನ್ನ ಅಪ್ಪ ಲಿಫ್ಟ್ ಮೆಕ್ಯಾನಿಕ್. ಮೂವತ್ತೊಂದು ವರ್ಷ ಊರಿನ ಜನರನ್ನೆಲ್ಲ ನಿಂತ ನಿಲುವಿನಲ್ಲೇ ಮೇಲಕ್ಕೆ ಕಳಿಸಿದ ಮನುಷ್ಯ ತಾನು ಮಾತ್ರ ಜೀವಮಾನವಿಡೀ ಮೆಟ್ಟಿಲು ಹತ್ತಿದ. ಅವನನ್ನು ಕರೆಯುತ್ತಿದ್ದದ್ದೇ ಲಿಫ್ಟ್ ಕೆಟ್ಟಾಗ, ಇನ್ನೇನು ಮಾಡಿಯಾನು. ಮಾತು ಬಹಳ ಕಡಿಮೆ. ಒಂದು ವಾಕ್ಯ ಪೂರ್ತಿ ಆಡಿದರೆ ಅವತ್ತು ಮನೆಯಲ್ಲಿ ವಿಶೇಷ. ಅಂಥವನ ಬಗ್ಗೆ ಬರೆಯೋಕೆ ಏನಿದೆ ಎಂದು ದೊಡ್ಡಮ್ಮ ಕೇಳಿದಳು. ನನಗೂ ಸರಿಯಾಗಿ ಗೊತ್ತಿಲ್ಲ. ಆದರೆ ಹದಿನಾರನೇ ವಯಸ್ಸಿನಲ್ಲಿ ಒಂದು ತಿಂಗಳು ನಾನು ಅವನನ್ನು ಸುಳ್ಳುಗಾರ ಎಂದು ನಂಬಿ ಬೆನ್ನು ಹತ್ತಿದ್ದೆ. ಸತ್ತಳೆಂದು ಅವನು ಹೇಳಿದ ನನ್ನ ಅಮ್ಮ ಸತ್ತಿಲ್ಲ, ಎಲ್ಲೋ ಅವಳನ್ನು ಬಚ್ಚಿಟ್ಟಿದ್ದಾನೆ ಎಂದು ನನಗೆ ಖಾತ್ರಿಯಾಗಿತ್ತು.

ಅಮ್ಮ ಹೋದದ್ದು ನನ್ನ ಹತ್ತನೇ ತರಗತಿಯ ಪರೀಕ್ಷೆಯ ಹೊತ್ತಿಗೆ, ಆರು ಗಂಟೆ ಬಸ್ಸಿನಲ್ಲಿ ಕೂರಬೇಕಾದಷ್ಟು ದೂರದ ದೊಡ್ಡಾಸ್ಪತ್ರೆಯಲ್ಲಿ. ಅಪ್ಪ ಅವಳ ಜೊತೆಗಿದ್ದ, ನಾನು ದೊಡ್ಡಮ್ಮನ ಮನೆಯಲ್ಲಿದ್ದೆ. ಪರೀಕ್ಷೆ ಕೆಡಬಾರದೆಂದು ನನಗೆ ಯಾರೂ ಏನೂ ಹೇಳಲಿಲ್ಲ. ಅಲ್ಲೇ ಎಲ್ಲ ಮುಗಿಸಿ, ನನ್ನ ಕೊನೆಯ ಪತ್ರಿಕೆಯ ಸಂಜೆ ಅಪ್ಪ ಬಂದ. ಕೈಯಲ್ಲಿ ಅಮ್ಮನ ಚೀಲ. ಚೀಲದಲ್ಲಿ ಅವಳ ಕನ್ನಡಕ, ಒಂದು ಟವೆಲ್, ಅರ್ಧ ಖಾಲಿಯಾದ ಎಣ್ಣೆ ಬಾಟಲಿ.

"ಅಮ್ಮ ಹೋದ್ಲು ಮರಿ," ಎಂದ.

"ಎಲ್ಲಿಗೆ?" ಎಂದು ಕೇಳಿದೆ. ಪೆದ್ದಿಯೇನಲ್ಲ ನಾನು. ಬಾಯಿಗೆ ಬಂದದ್ದು ಅದು. ಅವನು ಚೀಲವನ್ನು ಮೊಳೆಗೆ ನೇತುಹಾಕಿದ.

ನನ್ನ ತಲೆ ಕೆಡಿಸಿದ್ದು ಥ್ರಿಲ್ಲರ್‌ಗಳು. ನಮ್ಮ ಬೀದಿಯ ತುದಿಯಲ್ಲಿ, ಝೆರಾಕ್ಸ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿ ಇತ್ತು. ಅದನ್ನು ನಡೆಸುತ್ತಿದ್ದವರಿಗೆ ನಾವೆಲ್ಲ ಲೈಬ್ರರಿ ಆಂಟಿ ಎನ್ನುತ್ತಿದ್ದೆವು. ಅಲ್ಲಿ ನನ್ನ ವಯಸ್ಸಿನವರಿಗೆಂದೇ ಒಂದು ಕಪಾಟು. ಎಲ್ಲ ಪುಸ್ತಕದಲ್ಲೂ ಒಬ್ಬ ಹುಡುಗಿ, ಅವಳ ಮನೆಯಲ್ಲೊಂದು ಸಾವು, ಆ ಸಾವಿನ ಬಗ್ಗೆ ದೊಡ್ಡವರೆಲ್ಲ ಹೇಳುವ ಒಂದೊಂದು ಸುಳ್ಳು. ಅತಿ ಒಳ್ಳೆಯವನಂತೆ ನಗುವ ಚಿಕ್ಕಪ್ಪನೊಬ್ಬ ಇದ್ದೇ ಇರುತ್ತಾನೆ. ಮುಖ್ಯವಾದ ನಿಯಮವೊಂದಿತ್ತು: ಹೆಣ ಕಣ್ಣಿಗೆ ಬೀಳಲಿಲ್ಲವೆಂದರೆ ಆ ಪಾತ್ರ ಸತ್ತಿಲ್ಲ.

ನನಗಿಂತ ಮೊದಲು ಅವುಗಳನ್ನು ಓದುತ್ತಿದ್ದವಳು ಅಮ್ಮ. ಬಟ್ಟೆ ಅಂಗಡಿಯಲ್ಲಿ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು ಅವಳ ಕೆಲಸ. "ಮಗು ಓದೋ ಅಂಥದ್ದಾ ಅಂತ ನೋಡ್ತೀನಿ" ಎಂಬುದು ನೆಪ. ನೋಡುತ್ತ ನೋಡುತ್ತ ಅನ್ನದ ಪಾತ್ರೆ ಸೀದು ಹೋಗುತ್ತಿತ್ತು. ನಾನು ಓದುವಾಗ ಪಕ್ಕದಲ್ಲಿ ಕೂತು, "ಆ ಟೀಚರ್ ಮೇಲೆ ಒಂದು ಕಣ್ಣಿಟ್ಟಿರು" ಎಂದು ಹೇಳಿ ಹೊಟ್ಟೆ ಉರಿಸುತ್ತಿದ್ದಳು. ಅರ್ಧಕ್ಕರ್ಧ ಸಲ ಅದು ಸುಳ್ಳೇ ಆಗಿರುತ್ತಿತ್ತು, ನನ್ನ ದಾರಿ ತಪ್ಪಿಸಲಿಕ್ಕೆ.

ಬಾಡಿಗೆ ಲೈಬ್ರರಿಯ ಓದುಗರಿಗೆ ಒಂದು ಚಾಳಿ ಇರುತ್ತದೆ. ಓದಿದ್ದನ್ನೇ ಮತ್ತೆ ಒಯ್ಯಬಾರದೆಂದು ಪ್ರತಿಯೊಬ್ಬರೂ ಪುಸ್ತಕದಲ್ಲಿ ತಮ್ಮದೊಂದು ಗುಟ್ಟಿನ ಗುರುತು ಹಾಕುತ್ತಾರೆ. ನಿವೃತ್ತ ಪೋಸ್ಟ್‌ಮಾಸ್ಟರರು ಹದಿನೈದನೇ ಪುಟದ ಸಂಖ್ಯೆಗೆ ಸೊನ್ನೆ ಸುತ್ತುತ್ತಿದ್ದರು. ಅಮ್ಮನದು ನಲವತ್ತೊಂದನೇ ಪುಟ. ಕೆಳಗಿನ ಮೂಲೆಯಲ್ಲಿ, ಬಟ್ಟೆಗೆ ಗುರುತು ಹಾಕುವ ನೀಲಿ ಪೆನ್ಸಿಲಿನಲ್ಲಿ, ಹೊಲಿಗೆ ಹಾಕಿದ ಹಾಗೆ ಎರಡು ಓರೆ ಗೆರೆ. ಅವಳು ಹೋದ ಮೇಲೆ ನಾನು ಹಳೆಯ ಪುಸ್ತಕಗಳನ್ನೇ ಒಂದೊಂದಾಗಿ ತರುತ್ತಿದ್ದೆ, ಓದಲಿಕ್ಕಲ್ಲ. ನಲವತ್ತೊಂದನೇ ಪುಟ ತೆಗೆದು ನೋಡಿ ಮುಚ್ಚುತ್ತಿದ್ದೆ.

ಎಂಟು ತಿಂಗಳಾಗಿತ್ತು. ಒಂದು ದಿನ ಆಂಟಿ ಹೊಸದಾಗಿ ತರಿಸಿದ ಪುಸ್ತಕವೊಂದನ್ನು ಒಯ್ದೆ. ಅಂಟಿನ ವಾಸನೆ ಕೂಡ ಹೋಗಿರಲಿಲ್ಲ. ಅಚ್ಚಾದ ವರ್ಷ, ತಿಂಗಳು ಒಳಗೇ ಇತ್ತು, ಅಮ್ಮ ಹೋಗಿ ಆರು ತಿಂಗಳ ಮೇಲಿನದು. ಅಭ್ಯಾಸಬಲದಿಂದ ನಲವತ್ತೊಂದನೇ ಪುಟ ತೆಗೆದೆ. ನೀಲಿ ಪೆನ್ಸಿಲಿನ ಎರಡು ಓರೆ ಗೆರೆ.

ಪುಸ್ತಕ ಮುಚ್ಚಿ, ಮತ್ತೆ ತೆಗೆದು ನೋಡಿದೆ. ಅಲ್ಲೇ ಇತ್ತು. ಅವತ್ತು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ಎದುರಿಗೆ ಕೂತು ತಲೆ ತಗ್ಗಿಸಿ ಊಟ ಮಾಡುತ್ತಿದ್ದ ಅಪ್ಪನನ್ನು ನೋಡುತ್ತ, ಇಷ್ಟು ಸಾಧು ಮುಖದಲ್ಲಿ ಇಷ್ಟು ದೊಡ್ಡ ಸುಳ್ಳು ಹೇಗೆ ಹಿಡಿಸಿತು ಎಂದು ಆಶ್ಚರ್ಯಪಟ್ಟದ್ದು ಮಾತ್ರ ನೆನಪಿದೆ. ಹೆಣ ನಾನು ನೋಡಿರಲಿಲ್ಲ. ದೊಡ್ಡಮ್ಮನೂ ನೋಡಿರಲಿಲ್ಲ. ನೋಡಿದ್ದು ಅಪ್ಪ ಒಬ್ಬನೇ. ಅಮ್ಮ ಬದುಕಿದ್ದಾಳೆ. ಹಾಗಾದರೆ ನನ್ನನ್ನು ಬಿಟ್ಟು ಯಾಕೆ ಹೋದಳು? ಜಗಳವೇ? ಮುಖ ತೋರಿಸಲಾಗದ ಕಾಯಿಲೆಯೇ? ಒಂದು ಗಂಟೆ ಖುಷಿಯಾಗುತ್ತಿತ್ತು, ಮುಂದಿನ ಗಂಟೆ ಇಬ್ಬರ ಮೇಲೂ ಹಲ್ಲು ಕಡಿಯುತ್ತಿದ್ದೆ. ಯಾವುದು ನಿಜವಾಗಬೇಕೆಂದು ನಾನು ಬಯಸುತ್ತಿದ್ದೇನೆ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ.

ಮರುದಿನ ಆಂಟಿಯ ಹತ್ತಿರ ಹೋಗಿ, ಈ ಪುಸ್ತಕ ನನಗಿಂತ ಮೊದಲು ಯಾರು ಒಯ್ದಿದ್ದರು ಎಂದು ಕೇಳಿದೆ. ಅವರು ರಿಜಿಸ್ಟರಿನ ಮೇಲೆ ಮೊಣಕೈ ಊರಿದರು.

"ಯಾರೋ ತಗೊಂಡು ಹೋಗಿರ್ತಾರೆ. ಹಾಳೆ ಹರಿದಿದೆಯಾ?"

"ಇಲ್ಲ ಆಂಟಿ. ಸುಮ್ಮನೆ ಕೇಳ್ದೆ."

"ಸುಮ್ಮನೆ ಕೇಳಿದ್ದಕ್ಕೆ ಸುಮ್ಮನೆ ಇರೋದೇ ಉತ್ತರ. ನೀನು ಏನೇನು ಓದ್ತೀಯ ಅಂತ ನಾನು ಬೇರೆಯವರಿಗೆ ಹೇಳಿದೀನಾ?" ಎಂದರು. ಆದರೆ ನನ್ನ ಮುಖ ನೋಡದೆ ಹೇಳಿದರು. ಈ ಹೆಂಗಸಿಗೂ ಎಲ್ಲ ಗೊತ್ತು ಎಂದುಕೊಂಡೆ.

ಅಲ್ಲಿಂದ ನನ್ನ ಪತ್ತೇದಾರಿಕೆ ಶುರುವಾಯಿತು. ಕಾಲೇಜಿಗೆ ಚಕ್ಕರ್ ಹೊಡೆದು ಲೈಬ್ರರಿಯ ಎದುರಿನ ಔಷಧಿ ಅಂಗಡಿಯ ಮುಂದೆ ನಿಲ್ಲುತ್ತಿದ್ದೆ. ತೂಕದ ಯಂತ್ರದ ಮೇಲೆ ಎಷ್ಟು ಸಲ ಹತ್ತಿ ಇಳಿದೆನೆಂದರೆ ಅಂಗಡಿಯವನು, "ನಿನ್ನೆಗೂ ಇವತ್ತಿಗೂ ಏನೂ ಬದಲಾಗಿರಲ್ಲಮ್ಮ" ಎಂದ. ನಾಲ್ಕನೇ ವಾರದ ಗುರುವಾರ ಮಧ್ಯಾಹ್ನ ಲೈಬ್ರರಿಯ ಮೆಟ್ಟಿಲು ಹತ್ತಿದವನು ನನ್ನ ಅಪ್ಪ. ದಿನಪತ್ರಿಕೆಯಲ್ಲೂ ಬರೀ ಚಿತ್ರ ನೋಡುವ ಅಪ್ಪ, ಗ್ರೀಸ್ ಮೆತ್ತಿದ ಅಂಗಿಯಲ್ಲಿ. ಹತ್ತುವಾಗ ಉಪಕರಣದ ಚೀಲದಿಂದ ಇಣುಕುತ್ತಿದ್ದ ಪುಸ್ತಕವೇ ಇಳಿದು ಬಂದಾಗಲೂ ಇಣುಕುತ್ತಿತ್ತು, ಬಾಡಿಗೆ ಮುಂದುವರಿಸಿರಬೇಕು. ಅವಳಿಗೆ ಒಯ್ಯುತ್ತಿದ್ದಾನೆ. ನನಗೆ ಇನ್ನು ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ.

ಹಿಂಬಾಲಿಸಿದೆ. ಅವನು ಮೂರು ಬೀದಿ ದಾಟಿ ಒಂಬತ್ತು ಅಂತಸ್ತಿನ ಕಟ್ಟಡದೊಳಗೆ ಹೋದ. ನಾನು ತಲುಪುವಷ್ಟರಲ್ಲಿ 'ಲಿಫ್ಟ್ ದುರಸ್ತಿಯಲ್ಲಿದೆ' ಎಂಬ ಬೋರ್ಡು ತೂಗುತ್ತಿತ್ತು. ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ಮೊದಲ ಮೆಟ್ಟಿಲ ಮೇಲೆ ಕೂತು ಗೊಣಗುತ್ತಿದ್ದರು.

"ಇವನು ಪ್ರತಿ ಗುರುವಾರ ಹೀಗೇ. ಅರ್ಧ ಗಂಟೆ ಕೆಲಸಕ್ಕೆ ಎರಡು ಗಂಟೆ ಬೋರ್ಡು. ಮೇಲೆ ಏನು ನಿದ್ದೆ ಮಾಡ್ತಾನೋ ಏನೋ."

ನಿದ್ದೆಯಲ್ಲ ಅಜ್ಜಿ, ಸಂಸಾರ ಎಂದುಕೊಂಡು ಒಂಬತ್ತು ಅಂತಸ್ತು ಹತ್ತಿದೆ. ತಾರಸಿಯ ಮೇಲೆ ಲಿಫ್ಟಿನ ಮೋಟರ್ ಇಡುವ ಪುಟ್ಟ ಕೋಣೆ. ಕಬ್ಬಿಣದ ಬಾಗಿಲು ಓರೆಯಾಗಿತ್ತು. ಮೋಟರ್ ನಿಂತಿತ್ತು. ಒಳಗಿನಿಂದ ಅಪ್ಪನ ದನಿ.

ಅವನು ಓದುತ್ತಿದ್ದ. ಒಂದೊಂದೇ ಪದಕ್ಕೆ ಬೆರಳಿಟ್ಟು ಓದುವ ಮಕ್ಕಳ ಹಾಗೆ, ತಡವರಿಸುತ್ತ, ಗಟ್ಟಿಯಾಗಿ. ಒಂದು ಪುಟವಾದ ಮೇಲೆ ನಿಲ್ಲಿಸಿದ.

"ನೋಡಿದ್ಯಾ? ನಾನು ಆಗ್ಲೇ ಹೇಳ್ಲಿಲ್ವಾ, ಆ ಚಿಕ್ಕಪ್ಪನ ಮೇಲೆ ನಂಗೆ ಅನುಮಾನ ಅಂತ? ನೀನು ಟೀಚರ್ ಟೀಚರ್ ಅಂತಿದ್ದೆ." ಹಾಳೆ ತಿರುವಿದ ಸದ್ದು. ಆಮೇಲೆ, "ಸರಿ ಸರಿ, ಮುಂದೆ ಓದ್ತೀನಿ."

ಒಳಗೆ ಅಮ್ಮ ಇದ್ದಾಳೆ. ಅಳು ಬರುತ್ತದೆ ಎಂದುಕೊಂಡಿದ್ದೆ, ಬಂದದ್ದು ಸಿಟ್ಟು. ನಾನು ಎಂಟು ತಿಂಗಳಿಂದ ಅವಳ ದಿಂಬಿಗೆ ಮುಖ ಒತ್ತಿ ಮಲಗುತ್ತಿದ್ದರೆ ಇವಳು ಇಲ್ಲಿ ತಣ್ಣಗೆ ಕೂತು ಕತೆ ಕೇಳುತ್ತಿದ್ದಾಳೆ. ಇಬ್ಬರಿಗೂ ಸರಿಯಾಗಿ ಅಂದುಬಿಡಬೇಕೆಂದು ಬಾಗಿಲನ್ನು ಎರಡೂ ಕೈಯಿಂದ ತಳ್ಳಿದೆ.

ಅಪ್ಪ ಬೋರಲು ಹಾಕಿದ ಬಣ್ಣದ ಡಬ್ಬದ ಮೇಲೆ ಕೂತಿದ್ದ. ಮೋಟರು, ಸ್ವಿಚ್ಚುಗಳ ಪೆಟ್ಟಿಗೆ, ಗೋಡೆ. ಇನ್ನೊಬ್ಬರು ಕೂರಲು ಇನ್ನೊಂದು ಡಬ್ಬ ಕೂಡ ಅಲ್ಲಿರಲಿಲ್ಲ.

"ಅಮ್ಮ ಎಲ್ಲಿ?" ಎಂದೆ.

ಅವನು ಗಾಬರಿಯಿಂದ ನನ್ನ ಬೆನ್ನ ಹಿಂದೆ ನೋಡಿದ. ಅವಳು ನನ್ನ ಜೊತೆ ಬಂದಿದ್ದಾಳೇನೋ ಎಂಬ ಹಾಗೆ.

ಆಗ ನಾನು ಅತ್ತೆ. ಗುರುತು, ಹೊಸ ಪುಸ್ತಕ, ನೋಡದ ಹೆಣ, ಎಲ್ಲವನ್ನೂ ಕಕ್ಕಿದೆ. ಅಪ್ಪ ಹತ್ತಿಯ ಚಿಂದಿಯಲ್ಲಿ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. ಆಮೇಲೆ, ನನ್ನ ನೆನಪಿನಲ್ಲಿ ಮೊದಲ ಸಲ, ಸಾಲಾಗಿ ನಾಲ್ಕಾರು ವಾಕ್ಯ ಆಡಿದ.

"ಆಸ್ಪತ್ರೇಲಿ ಅವಳಿಗೆ ಪುಸ್ತಕ ಹಿಡ್ಕೊಳ್ಳೋಕೆ ಆಗ್ತಿರ್ಲಿಲ್ಲ. ನಾನು ಓದಿ ಹೇಳ್ತಿದ್ದೆ. ನಂಗೆಲ್ಲಿ ಸರಿಯಾಗಿ ಓದೋಕೆ ಬರುತ್ತೆ, ಅವಳು ನಗೋಳು. ಆ ಪುಸ್ತಕ ಅರ್ಧಕ್ಕೆ ನಿಂತುಹೋಯ್ತು. ಮುಗಿಸೋಣ ಅಂತ ಇಲ್ಲಿ ಬಂದು ಕೂತೆ. ಮುಗೀತು. ಆಮೇಲೆ ನಿಲ್ಲಿಸೋಕೆ ಆಗ್ಲಿಲ್ಲ."

"ಮತ್ತೆ ಗುರುತು ಯಾಕೆ ಹಾಕ್ತೀಯ?"

"ಅವಳೂ ಓದಿದ ಹಾಗಾಯ್ತಲ್ವಾ."

ಸತ್ತಿದ್ದಾಳೆ ಎಂದು ನನಗೆ ಗೊತ್ತಾದದ್ದು ಆ ಕ್ಷಣ. ಹಿಂದಿನ ಎಂಟು ತಿಂಗಳು ಬರೀ ಸುದ್ದಿ ಕೇಳಿದ್ದೆ ಅಷ್ಟೆ. ಅಲ್ಲಿಗೆ ಸುಮ್ಮನಾಗಿದ್ದರೆ ಆಗುತ್ತಿತ್ತು. ಆದರೆ ನಾನು ಓದಿದ ಪುಸ್ತಕಗಳಲ್ಲಿ ಮೊದಲ ಗುಟ್ಟಿನ ಕೆಳಗೆ ಇನ್ನೊಂದು ಗುಟ್ಟು ಇರುತ್ತದೆ, ಹುಡುಗಿ ಅದನ್ನೂ ಕೇಳುತ್ತಾಳೆ.

"ಇನ್ನೇನು ಮುಚ್ಚಿಟ್ಟಿದೀಯ ನನ್ನಿಂದ?"

ಕೇಳಬೇಕೆಂದು ಕೇಳಿದ ಮಾತಲ್ಲ ಅದು. ಆದರೆ ಅಪ್ಪ ಚಿಂದಿಯನ್ನು ಕೆಳಗಿಟ್ಟ.

"ಸೋಮವಾರ ಅವಳು ನಿನ್ನ ಕೇಳಿದ್ಲು," ಎಂದ. "ಎರಡು ಸಲ. ಮಗೂನ ಕರೆಸಿ, ನೋಡ್ಬೇಕು ಅಂತ. ಮಾರನೇ ದಿನ ನಿಂಗೆ ಗಣಿತ ಇತ್ತು. ಅದೊಂದು ಮುಗೀಲಿ, ಸಂಜೆ ಬಸ್ಸಿಗೆ ದೊಡ್ಡಮ್ಮ ಕರ್ಕೊಂಡು ಬರ್ತಾಳೆ ಅಂದೆ. ಸಂಜೇವರೆಗೂ ಇರ್ಲಿಲ್ಲ ಅವಳು. ನಾನು ಅವತ್ತೇ ಕರೆಸಬೇಕಿತ್ತು. ನಿನ್ನ ಮುಖ ನೋಡಿದಾಗಲೆಲ್ಲ ಅದೇ ಅನ್ಸುತ್ತೆ. ಹೇಳೋಕೆ ಧೈರ್ಯ ಬರ್ಲಿಲ್ಲ."

ಅವನು ನಾನು ಬೈಯುತ್ತೇನೆಂದು ಕಾಯುತ್ತಿದ್ದ. ನನಗೆ ಬೈಯಬೇಕೆನಿಸಿತು ಕೂಡ. ಆದರೆ ನನಗೆ ಆ ಹಕ್ಕಿರಲಿಲ್ಲ. ಯಾಕೆಂದರೆ ಆ ಮಂಗಳವಾರ ನಾನು ಗಣಿತದ ಪತ್ರಿಕೆ ಬರೆದಿರಲಿಲ್ಲ. ಅರ್ಧ ಗಂಟೆಯವರೆಗೆ ಯಾರನ್ನೂ ಹೊರಗೆ ಬಿಡುವುದಿಲ್ಲ, ಅದಕ್ಕೆ ಅಷ್ಟು ಹೊತ್ತು ಕೂತಿದ್ದೆ. ನಂಬರು ಬರೆದು, ಖಾಲಿ ಹಾಳೆ ಕೊಟ್ಟು ಹತ್ತೂವರೆಗೆಲ್ಲ ಎದ್ದುಬಂದೆ. ಓದಿರಲಿಲ್ಲ, ಅದಕ್ಕಿಂತ ಹೆಚ್ಚಾಗಿ ಒಂದು ಥ್ರಿಲ್ಲರಿನ ಕೊನೆಯ ಅರವತ್ತು ಪುಟ ಬಾಕಿ ಇತ್ತು. ಆಟದ ಮೈದಾನದ ಹಿಂದಿನ ಕಲ್ಲುಬೆಂಚಿನ ಮೇಲೆ ಕೂತು ಮುಗಿಸಿದೆ. ಫಲಿತಾಂಶ ಬಂದಾಗ ಗಣಿತದಲ್ಲಿ ನಪಾಸು. ತಾಯಿಯ ಸಂಕಟ ಮಗುವಿನ ಮನಸ್ಸಿಗೆ ಮೊದಲೇ ತಿಳಿದಿತ್ತು, ಅದಕ್ಕೇ ಹೀಗಾಯಿತು ಎಂದು ನೆಂಟರೆಲ್ಲ ಕಣ್ಣೊರೆಸಿಕೊಂಡರು. ನಾನು ಇಲ್ಲವೆನ್ನಲಿಲ್ಲ. ಮರುಪರೀಕ್ಷೆ ಬರೆದು ಪಾಸಾದೆ.

"ಅವತ್ತು ಪತ್ರಿಕೆ ತುಂಬಾ ಕಷ್ಟ ಇತ್ತಾ ಮರಿ?" ಎಂದು ಅಪ್ಪ ಕೇಳಿದ.

"ತುಂಬಾ ಕಷ್ಟ ಇತ್ತಪ್ಪ," ಎಂದೆ.

"ಹೋಗ್ಲಿ ಬಿಡು. ಬರೆದ್ಯಲ್ಲ. ಹನ್ನೊಂದು ಗಂಟೆಗೆ ಅವಳು ಒಂದ್ಸಲ ಕಣ್ಣು ಬಿಟ್ಟು, ಮಗು ಏನ್ಮಾಡ್ತಿದೆ ಅಂದ್ಲು. ಬರೀತಿದಾಳೆ ಅಂದೆ. ಅವಳಿಗೆ ಖುಷಿ ಆಯ್ತು. ಅದೊಂದೇ ಸಮಾಧಾನ ನಂಗೆ."

ಅಪ್ಪ ಎದ್ದು ಸ್ವಿಚ್ಚು ಹಾಕಿದ. ಮೋಟರು ತಿರುಗತೊಡಗಿತು. ಕೆಳಗೆ ಅಜ್ಜಿ ಕಾಯುತ್ತಿದ್ದಾರೆ ಎಂದು ಹೇಳಿದೆ. ನಾವಿಬ್ಬರೂ ಮೆಟ್ಟಿಲಿಳಿದು ಮನೆಗೆ ಹೋದೆವು.

ಇದಾಗಿ ಹತ್ತೊಂಬತ್ತು ವರ್ಷ. ಅಪ್ಪ ಆ ತಪ್ಪನ್ನು ಹೊತ್ತುಕೊಂಡೇ ಮುದುಕನಾದ. ನಾನು ಖಾಲಿ ಹಾಳೆಯ ವಿಷಯ ಹೇಳಿದರೆ ಅವನ ಭಾರ ಇಳಿಯುತ್ತದೋ, ಇರುವ ಆ ಒಂದು ಸಮಾಧಾನವೂ ಹೋಗುತ್ತದೋ, ಎಷ್ಟು ಯೋಚಿಸಿದರೂ ನನಗೆ ತಿಳಿಯುವುದಿಲ್ಲ. ಹೇಳದಿರುವುದು ಅವನಿಗಾಗಿಯೋ ನನಗಾಗಿಯೋ ಎಂಬುದಂತೂ ಇನ್ನೂ ಗೊಂದಲ. ಇವತ್ತು ಬೆಳಿಗ್ಗೆ ಅವನು ಪಕ್ಕದ ಕೋಣೆಯಿಂದ ಬಂದು, ಏನು ಬರೀತಿದೀಯ ಎಂದು ಕೇಳಿದ. ನಿನ್ನ ಬಗ್ಗೆ ಎಂದೆ. ನಾಚಿಕೊಂಡ. ಕನ್ನಡಕ ಹುಡುಕಿ ತಂದು ಕಿಟಕಿಯ ಹತ್ತಿರ ಕೂತ.

"ಮುಗಿದ ಮೇಲೆ ಕೊಡು, ಓದ್ತೀನಿ," ಎಂದ.

ಹೆಚ್ಚೆಂದರೆ ಇನ್ನು ಎರಡು ಸಾಲು ಬರೆದು ಹೊತ್ತು ಕಳೆಯಬಹುದು. ಅವನು ಅಲ್ಲೇ ಕೂತಿದ್ದಾನೆ.