ಮಾದಪ್ಪನ ವಸ್ತ್ರದ ಓರೆಗೆರೆ

ಮಾದಪ್ಪನ ಒಕ್ಕಲಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಕ್ಷಯ ವಾಸಿಯಾದವರು, ಕಳೆದುಹೋದ ಮಗು ಸಿಕ್ಕವರು ಈ ಪತ್ರಿಕೆಯಲ್ಲಿ ಮಾದಪ್ಪನ ಮಹಿಮೆಯ ಅನುಭವ ಬರೆದಿದ್ದಾರೆ. ಓದಿ ನಾನೂ ಕಣ್ಣೊರೆಸಿಕೊಂಡಿದ್ದೇನೆ. ನನ್ನದು ಗಣಿತದ ಒಂದು ಗೆರೆಯ ವಿಷಯ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಆ ಗೆರೆಯ ದೆಸೆಯಿಂದ ನಾನು ಸೋದರಮಾವನಿಗೆ ಎರಡನೇ ಹೆಂಡತಿಯಾಗಿ ಹೋಗುವುದರಲ್ಲಿದ್ದೆ.

ಅದು ಅರವತ್ತೇಳನೇ ಇಸವಿ. ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ಮಗ್ಗದ ಮನೆ. ಎಸ್‌ಎಸ್‌ಎಲ್‌ಸಿಯಲ್ಲಿ ನಾನು ಎರಡು ಸಲ ನಪಾಸಾದೆ. ಮಿಕ್ಕೆಲ್ಲ ಪಾಸು, ಗಣಿತ ಒಂದರಲ್ಲಿ ಎರಡು ಸಲವೂ ಮೂರೋ ನಾಲ್ಕೋ ಅಂಕ ಕಡಿಮೆ. ಗ್ರಾಫ್ ಕಾಗದದ ಮೇಲೆ ಸರಳರೇಖೆ ಎಳೆದು ಅದರ ಇಳಿಜಾರು ಎಷ್ಟು ಎಂದು ಹೇಳುವ ಪ್ರಶ್ನೆ ಇರುತ್ತದಲ್ಲ, ಅಲ್ಲೇ ಪ್ರತಿ ಸಲ ಸೊನ್ನೆ. ಮೇಲಕ್ಕೆ ಹತ್ತುವ ಗೆರೆಗೂ ಇಳಿಜಾರು ಅಂತಲೇ ಹೆಸರಿಟ್ಟ ಪುಣ್ಯಾತ್ಮ ಯಾರೋ, ಅವನ ಮೇಲೂ ನನಗೆ ಸಿಟ್ಟಿತ್ತು.

ನಮ್ಮ ಗಣಿತದ ಮೇಷ್ಟರು ನನ್ನ ಪುಸ್ತಕದ ಮೇಲೆ ಉದ್ದಕ್ಕೂ ಕೆಂಪು ಇಂಟು ಎಳೆದು ಬಿಸಾಡುತ್ತಿದ್ದರು. ಎಲ್ಲಿ ತಪ್ಪಿದೆ ಸಾ ಎಂದು ಕೇಳಿದರೆ, ಮಗ್ಗದ ಮನೆಯವಳಿಗೆ ಇದೆಲ್ಲ ಯಾಕೆ, ಹೋಗಿ ಲಾಳಿ ಹೊಡಿ ಎನ್ನುತ್ತಿದ್ದರು. ಇಡೀ ತರಗತಿ ನಗುತ್ತಿತ್ತು. ಇಷ್ಟು ವರ್ಷವಾದರೂ ಆ ನಗುವನ್ನು ನಾನು ಮರೆತಿಲ್ಲ.

ಎರಡನೇ ಸಲ ನಪಾಸಾದ ವಾರದಲ್ಲೇ ಯಳಂದೂರಿನಿಂದ ಅಜ್ಜಿ ಬಂದಳು. ಮಾವನ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಅವನಿಗೆ ನನ್ನ ಎರಡರಷ್ಟು ವಯಸ್ಸು. ಪಾಸಾಗಿದ್ದರೆ ನಾನು ಮೇಷ್ಟರ ಟ್ರೈನಿಂಗ್‌ಗೆ ಹೋಗುತ್ತಿದ್ದೆ. ಈಗ ಹುಡುಗಿಯನ್ನು ಇಟ್ಟುಕೊಂಡು ಏನು ಮಾಡುತ್ತೀರಿ, ನನ್ನ ಮಗನಿಗೆ ಕೊಡಿ ಎಂದು ಅಜ್ಜಿ ಪಟ್ಟು ಹಿಡಿದಳು. ಅಪ್ಪ ಮಗ್ಗದಿಂದ ಏಳದೆಯೇ ತೀರ್ಮಾನ ಹೇಳಿದರು.

"ಮಾರ್ಚಿಗೆ ಇನ್ನೊಂದ್ಸಲ ಕೂತ್ಕಳ್ಲಿ. ಪಾಸಾದ್ರೆ ಆಯ್ತು. ಇಲ್ದಿದ್ರೆ ಯಳಂದೂರು."

ಅವ್ವ ನನ್ನನ್ನು ಮಾದಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೊರಟಳು. ಹನೂರಿನಲ್ಲಿ ಬಸ್ಸು ನಿಂತಾಗ ಪಕ್ಕದ ಸೀಟಿನ ಹೆಂಗಸು ಏನು ಹರಕೆ ಎಂದು ಕೇಳಿದಳು. ಕೂಸಿಗೆ ತಲೆ ಓಡೋದಿಲ್ಲ, ಅದಕ್ಕೆ ಎಂದುಬಿಟ್ಟಳು ಅವ್ವ. ನನ್ನ ಮೈಯೆಲ್ಲ ಉರಿದುಹೋಯಿತು. ತಾಳಬೆಟ್ಟದ ತಿರುವುಗಳಲ್ಲಿ ಎಲ್ಲರೂ ವಾಂತಿ ಮಾಡಿಕೊಂಡರೆ ನಾನು ಹಲ್ಲು ಕಚ್ಚಿ ಕೂತಿದ್ದೆ.

ಗುಡಿಯಲ್ಲಿ ಮಂಗಳಾರತಿಗೆ ಎಲ್ಲರೂ ಜೈಕಾರವಾಗಿ ಉಘೇ ಎಂದರು. ನಾನು ಅನ್ನಲಿಲ್ಲ. ಕೈಯನ್ನೂ ಮುಗಿಯಲಿಲ್ಲ. ನಿಂತು ಜಗಳವಾಡಿದೆ.

"ಮಾದಪ್ಪ, ನಂಗೆ ಬುದ್ಧಿ ಕೊಡು ಅಂತ ಕೇಳಕೆ ಬಂದಿಲ್ಲ. ಬುದ್ಧಿ ಅದೆ. ಎಲ್ಲಿ ತಪ್ತಾ ಇದೀನಿ ಅಂತ ಒಬ್ರೂ ಹೇಳ್ತಿಲ್ಲ. ಅದೊಂದ ತೋರ್ಸು. ತೋರಿಸ್ನಿಲ್ಲ ಅಂದ್ರೆ ಈ ಬೆಟ್ಟ ಹತ್ತಕಿಲ್ಲ ನಾನು."

ಅವ್ವ ಗಾಬರಿಯಾಗಿ ನನ್ನ ಬಾಯಿ ಮುಚ್ಚಿ, ಕೂಸು ಪಾಸಾದರೆ ಅವಳ ಕೈಯಿಂದಲೇ ನೇಯಿಸಿದ ರೇಷ್ಮೆ ವಸ್ತ್ರ ಒಪ್ಪಿಸುತ್ತೇನೆ ಎಂದು ಹರಕೆ ಕಟ್ಟಿಕೊಂಡಳು.

ಮನೆಗೆ ಬಂದ ಮೇಲೆ ತಿಂಗಳಾಯಿತು, ಎರಡಾಯಿತು. ಏನೂ ತೋರಲಿಲ್ಲ. ಅದೇ ಗೆರೆ, ಅದೇ ತಪ್ಪು. ಕಲ್ಲಿಗೆ ಕಿವಿ ಎಲ್ಲಿಂದ ಬರಬೇಕು ಎಂದು ಬೈದುಕೊಂಡೆ. ಅಷ್ಟರಲ್ಲಿ ಒಂದು ಮಗ್ಗ ಖಾಲಿಯಾಯಿತು. ಮತ್ತೆ ಮಗ್ಗ ಬಿಡುವಾಗುವುದಿಲ್ಲ, ಹರಕೆಯ ವಸ್ತ್ರಕ್ಕೆ ಈಗಲೇ ಕೂತುಕೊ ಎಂದರು ಅಪ್ಪ. ಅಂಚಿನಲ್ಲಿ ಜರಿಯ ಓರೆಗೆರೆಗಳು, ಎಲ್ಲವೂ ಬಲಕ್ಕೆ ಏರಬೇಕು. ಅದರ ನಕ್ಷೆ ಬರೆಯಲು ಚೌಕುಳಿ ಕಾಗದ ಕೇಳಿದೆ. ನಿನ್ನ ಇಸ್ಕೂಲು ಪುಸ್ತಕದಲ್ಲೇ ಅದೆಯಲ್ಲ, ಆ ಪುಸ್ತಕ ಇನ್ಯಾಕೆ ಬೇಕು ನಿಂಗೆ ಎಂದರು. ಆ ಮಾತು ನನ್ನ ಎದೆಗೆ ಚುಚ್ಚಿತು. ಸಿಟ್ಟಿನಲ್ಲಿ ಗಣಿತದ ಪುಸ್ತಕವನ್ನೇ ತೆರೆದು, ಕೆಂಪು ಇಂಟು ಬಿದ್ದಿದ್ದ ಪುಟದ ಎದುರು ಪುಟದಲ್ಲಿ ನಕ್ಷೆ ಬರೆಯತೊಡಗಿದೆ. ಅಪ್ಪ ಹಿಂದೆ ನಿಂತು, ನನ್ನ ಎಂಟನೇ ವಯಸ್ಸಿನಿಂದ ಹೇಳುತ್ತ ಬಂದದ್ದನ್ನೇ ಹೇಳಿದರು. ಮನೆ ಎಂದರೆ ಕಾಗದದ ಒಂದು ಚೌಕ.

"ಒಂದು ಮನೆ ಪಕ್ಕಕ್ಕೋದ್ರೆ ಎಲ್ಡು ಮನೆ ಮ್ಯಾಕೆ. ಮೂರಾದ್ರೆ ನೆಟ್ಟಗೆ ನಿಂತ್ಕತದೆ, ಒಂದಾದ್ರೆ ಮನಿಕತದೆ. ಒಂದು ಕಡೆ ಲೆಕ್ಕ ತಪ್ಪುದ್ರೂ ಗೆರೆ ಮುರೀತದೆ ಕೂಸೆ."

ನಮ್ಮ ಮಗ್ಗದಲ್ಲಿ ಬಟ್ಟೆಯ ಒಳ್ಳೆಯ ಮುಖ ಕೆಳಗಿರುತ್ತದೆ, ನೇಯುವವರಿಗೆ ಕಾಣುವುದು ಅದರ ಬೆನ್ನು. ಅದಕ್ಕೇ ಬಲಕ್ಕೆ ಏರಬೇಕಾದ ಗೆರೆಯನ್ನು ನಕ್ಷೆಯಲ್ಲಿ ಎಡಕ್ಕೆ ಏರುವಂತೆ ಬರೆಯಬೇಕು. ನನ್ನ ಕೈಗೆ ಅದು ಉಸಿರಾಡಿದಷ್ಟು ಸಲೀಸು. ಹತ್ತು ದಿನ ನೇಯ್ದೆ. ವಸ್ತ್ರ ಕತ್ತರಿಸಿ ತೆಗೆದು, ತಿರುಗಿಸಿ, ತೆರೆದಿಟ್ಟಿದ್ದ ಪುಸ್ತಕದ ಪಕ್ಕ ಹಾಸಿದೆ.

ನಕ್ಷೆಯ ಗೆರೆ ಎಡಕ್ಕೆ ಏರಿತ್ತು. ವಸ್ತ್ರದ ಗೆರೆ ಬಲಕ್ಕೆ ಏರಿತ್ತು. ಎದುರು ಪುಟದಲ್ಲಿ ಕೆಂಪು ಇಂಟಿನ ಕೆಳಗಿದ್ದ ನನ್ನ ಲೆಕ್ಕದ ಗೆರೆಯೂ ಎಡಕ್ಕೇ ಏರಿತ್ತು.

ಅಯ್ಯೋ ನನ್ನಪ್ಪ ಎಂದು ನೆಲದ ಮೇಲೆ ಕೂತುಬಿಟ್ಟೆ. ಎರಡು ವರ್ಷ ನಾನು ಒಂದು, ಎರಡು, ಮೂರು ಎಂದು ಎಡಗಡೆಗೆ ಎಣಿಸಿದ್ದೆ! ಗೆರೆಗಳನ್ನೆಲ್ಲ ಬಟ್ಟೆಯ ಬೆನ್ನಿನಿಂದ ಬರೆದಿದ್ದೆ. ಹಾಗಾಗಿ ಎಡದಿಂದ ಬಲಕ್ಕೆ ನೋಡಿದಾಗ ಏರುವ ಗೆರೆ ಇಳಿಯುವ ಗೆರೆಯಾಗಿ, ಉತ್ತರ ಎರಡು ಎಂದಿರಬೇಕಾದ ಕಡೆಯೆಲ್ಲ ಋಣ ಎರಡು ಎಂದು ಬರೆದಿದ್ದೆ. ಇಳಿಜಾರು ಎಂದರೆ ಅಪ್ಪ ಹೇಳಿದ್ದೇ: ಒಂದು ಮನೆ ಪಕ್ಕಕ್ಕೆ ಹೋದರೆ ಎಷ್ಟು ಮನೆ ಮೇಲಕ್ಕೆ. ಗೆರೆಯ ಯಾವ ಜಾಗದಿಂದ ಎಣಿಸಿದರೂ ಅದೇ ಲೆಕ್ಕ ಬರುತ್ತದೆ, ಅದಕ್ಕೇ ಅದು ನೇರ. ನನಗೆ ಎಂಟನೇ ವಯಸ್ಸಿಗೇ ಗೊತ್ತಿತ್ತು. ತೋರಿಸು ಎಂದಿದ್ದೆ, ಮಾದಪ್ಪ ತನ್ನ ವಸ್ತ್ರವನ್ನೇ ಹಾಸಿ ತೋರಿಸಿದ.

ಪುಸ್ತಕ ಎತ್ತಿಕೊಂಡು ನೇರ ಮೇಷ್ಟರ ಮನೆಗೆ ಹೋದೆ. ಎಡಬಲ ತಿರುಗಿದೆ ಎಂದು ಒಂದು ಸಲವಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಪುಸ್ತಕ ತೆಗೆದುಕೊಂಡು ಆ ಪುಟ ನೋಡಿದರು.

"ನಾನು ಉತ್ತರ ಮಾತ್ರ ನೋಡ್ತಿದ್ದೆ ಕಣಮ್ಮ. ಗೆರೆ ನೋಡ್ಲೇ ಇಲ್ಲ."

ಇಷ್ಟೇ. ನನ್ನ ಎರಡು ವರ್ಷಕ್ಕೆ ಇಷ್ಟೇ ಉತ್ತರ. ದೇವರು ಅವರನ್ನು ಕ್ಷಮಿಸಿರಬಹುದು, ನಾನು ಕ್ಷಮಿಸಿಲ್ಲ.

ಮಾರ್ಚಿನಲ್ಲಿ ಪಾಸಾದೆ. ಮಾವ ಬೇರೆ ಕಡೆ ಹೆಣ್ಣು ನೋಡಿಕೊಂಡ. ಟ್ರೈನಿಂಗ್ ಮುಗಿಸಿ ಈಗ ಹನೂರಿನ ಕಡೆ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸದೆ ಇವತ್ತಿನವರೆಗೂ ಒಂದು ಇಂಟು ಹಾಕಿಲ್ಲ. ಇದು ನಾನೇ ಕಟ್ಟಿಕೊಂಡ ಹರಕೆ.

ಪಾಸಾದ ಮೇಲೆ ವಸ್ತ್ರ ಒಪ್ಪಿಸಲು ಬೆಟ್ಟಕ್ಕೆ ಹೋದೆವು. ಪೂಜೆಯ ತಮ್ಮಡಿ ಅದನ್ನು ತೆಗೆದುಕೊಂಡು ಹೋಗಿ, ಗಡಿಬಿಡಿಯಲ್ಲಿ ತಿರುಗುಮುರುಗಾಗಿ ಸ್ವಾಮಿಗೆ ಹೊದಿಸಿಬಿಟ್ಟರು. ಜರಿಯ ಬೆನ್ನು ಹೊರಗೆ, ಗೆರೆಗಳೆಲ್ಲ ಎಡಕ್ಕೆ! ಕಷ್ಟಪಟ್ಟು ನೇಯ್ದದ್ದನ್ನು ಹೀಗಾ ಹೊದಿಸೋದು ಎಂದು ಕೂಗಲು ಬಾಯಿ ತೆರೆದೆ. ಆಗ ಕಾಣಿಸಿತು, ಮಗ್ಗದಲ್ಲಿ ಕೂತು ಹತ್ತು ದಿನ ನಾನು ನೋಡಿದ್ದು ಅದೇ ಮುಖ. ಎರಡು ವರ್ಷ ಯಾರೂ ತಿರುಗಿ ನೋಡದ ನನ್ನ ಗೆರೆಯನ್ನು ಮಾದಪ್ಪ ಮೈಮೇಲೆ ಹೊದ್ದುಕೊಂಡು ಕೂತಿದ್ದ.

ಬೈಯಲು ತೆರೆದ ಬಾಯಲ್ಲಿ ಉಘೇ ಎಂದುಬಿಟ್ಟೆ.