ಜಡೆಯಲ್ಲಿ ‘ಹೊರಗೆ’ ಎಂದರೆ

“ಸೊಸೆ ಹೊರಗಿದಾಳೆ ಕಣ್ರೀ” ಎಂದರು ಗುತ್ಯಮ್ಮ. ನಾನು ತಲೆಯಾಡಿಸಿ ಬಸ್ ಹತ್ತಿದೆ. ನಮ್ಮ ವಿಜಯಪುರದ ಕಡೆ ಹೆಂಗಸು ಹೊರಗಿದ್ದಾಳೆ ಎಂದರೆ ಮುಟ್ಟಾಗಿದ್ದಾಳೆ ಎಂದರ್ಥ; ನಾಲ್ಕು ದಿನ ಬಿಟ್ಟು ಬಂದರೆ ಸಿಗುತ್ತಾಳೆ. ಮುಂದಿನ ವಾರ ಹೋದೆ. “ಹೊರಗಿದಾಳೆ.” ಅದರ ಮುಂದಿನ ವಾರವೂ ಅದೇ ಮಾತು. ಆಗ ಮನೆಯ ಹಿಂದಕ್ಕೆ ನಡೆದು ನೋಡಿದೆ. ಕಟ್ಟಿಗೆ ಒಟ್ಟಿದ್ದ ಮಾಡಿನ ಕೆಳಗೆ ಗೋಣಿಚೀಲ ಹಾಸಿಕೊಂಡು ರೇಣುಕಾ ಕೂತಿದ್ದಳು. ಪಕ್ಕದಲ್ಲಿ ಅವಳದೇ ತಟ್ಟೆ, ಅವಳದೇ ಲೋಟ. ಸೊರಬದ ಕಡೆಯ ಜಡೆ ಎಂಬ ಊರಿನ ಆ ಮನೆಯಲ್ಲಿ ‘ಹೊರಗೆ’ ಎನ್ನುವುದಕ್ಕೆ ಕೊನೆಯ ದಿನ ಇರಲಿಲ್ಲ.

ನಾನು ವಿಜಯಪುರದಲ್ಲಿ ಪತ್ರಿಕೆಯ ಡೆಸ್ಕಿನಲ್ಲಿದ್ದವಳು. ಈಗ ಶಿಕಾರಿಪುರದ ಒಂದು ಆರೈಕೆ ಮನೆಯಲ್ಲಿ ಕೆಲಸ. ಹೆರಿಗೆ ಕಷ್ಟವಾಗಿ, ಮಗುವಿನ ತಲೆ ಬಹಳ ಹೊತ್ತು ಸಿಕ್ಕಿಕೊಂಡರೆ ಕೆಲವರ ಮೂತ್ರಚೀಲಕ್ಕೆ ತೂತು ಬೀಳುತ್ತದೆ; ಹೆಚ್ಚಿನ ಸಲ ಮಗುವೂ ಉಳಿಯುವುದಿಲ್ಲ. ಆಮೇಲೆ ಮೂತ್ರ ತಡೆಯಿಲ್ಲದೆ ಸೋರುತ್ತದೆ. ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ನಮ್ಮಲ್ಲಿ ಬಂದು ಚೇತರಿಸಿಕೊಳ್ಳುತ್ತಾರೆ. ಅವರು ಮನೆಗೆ ಮರಳಿದ ಮೇಲೂ ಹೋಗಿ ನೋಡಿ ಬರುವುದು ನನ್ನ ಜವಾಬ್ದಾರಿ.

ಶಿಕಾರಿಪುರದಲ್ಲಿ ಬಾಡಿಗೆ ಮನೆ ಸಿಗುವುದು ತಡವಾಯಿತು. “ಅಂಥ ಹೆಂಗಸ್ರು ನಿಮ್ ಮನಿಗೂ ಬರ್ತಾರೇನ್ರೀ?” ಎಂದು ಒಬ್ಬ ಮಾಲೀಕರು ಕೇಳಿದರು. ಬರುತ್ತಾರೆ ಎಂದೆ, ಮನೆ ಸಿಗಲಿಲ್ಲ. ಮುಂದಿನ ಮನೆಯಲ್ಲೂ ಬರುತ್ತಾರೆ ಎಂದೇ ಹೇಳಿದೆ. ಇಲ್ಲಿನ ಮಾತು ನನಗೆ ಹತ್ತಿರದ್ದು, ಖಡಕ್ ರೊಟ್ಟಿಯೂ ಸಿಗುತ್ತದೆ. ಬಸ್ಸು ಸೊರಬದ ಕಡೆ ತಿರುಗಿದರೆ ಮಾತು ಮೆತ್ತಗಾಗುತ್ತದೆ. ಅಲ್ಲಿ ‘ಕುಂದರ್ರಿ’ ಹೋಗಿ ‘ಕೂತ್ಕಳಿ’ ಬರುತ್ತದೆ, ತಟ್ಟೆಗೆ ಅನ್ನ ಬರುತ್ತದೆ. ಮೊದಮೊದಲು ಮಧ್ಯಾಹ್ನದ ಊಟವಾದರೂ ಹೊಟ್ಟೆ ಖಾಲಿ ಅನ್ನಿಸುತ್ತಿತ್ತು. ಅದು ಅನ್ನದ ತಪ್ಪಲ್ಲವೆಂದು ತಿಳಿಯಲು ಕೆಲವು ತಿಂಗಳು ಬೇಕಾದವು.

ಈ ಹೆಂಗಸರಿಗೆ ನಾವು ಮೊದಲು ಕಲಿಸುವುದು ನೀರು ಕುಡಿಯುವುದನ್ನು. ಸೋರುತ್ತದೆಂಬ ಭಯಕ್ಕೆ ಅವರು ನೀರು ಬಿಟ್ಟಿರುತ್ತಾರೆ. ರೇಣುಕಾ ನಮ್ಮಲ್ಲಿಗೆ ಬಂದಾಗ ಲೋಟ ಕೊಟ್ಟರೆ ತುಟಿ ಒದ್ದೆ ಮಾಡಿಕೊಂಡು ಕೆಳಗಿಡುತ್ತಿದ್ದಳು. ಚೇತರಿಸಿಕೊಂಡು ಮನೆಗೆ ಹೊರಡುವ ಹೊತ್ತಿಗೆ ಚೊಂಬು ಎತ್ತಿ ಕುಡಿಯುತ್ತಿದ್ದಳು. ಸೋರುವುದು ನಿಂತಿತ್ತು. ಆದರೂ ಮನೆಯಲ್ಲಿ ಗೋಣಿಚೀಲ ಕಾದಿತ್ತು.

“ಭೂಮಿ ಹುಣ್ಣಿಮೆ ಕಳೀಲಿ, ಒಳಗೆ ಕರ್ಕಂತೀನಿ” ಎಂದರು ನನ್ನ ಹಿಂದೆಯೇ ಮಾಡಿನ ಹತ್ತಿರ ಬಂದ ಗುತ್ಯಮ್ಮ. “ಈ ವರ್ಷ ಬುಟ್ಟಿನ ಪಕ್ಕದ್ಮನೆಯೋರ ಹತ್ರ ಬರೆಸ್ತೀನಿ.”

ಆ ಹುಣ್ಣಿಮೆಗೆ ನಮ್ಮ ಕಡೆ ಸೀಗಿ ಹುಣ್ಣಿಮೆ ಎನ್ನುತ್ತಾರೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ ಹೊಲಕ್ಕೆ ಚರಗ ಚೆಲ್ಲುತ್ತೇವೆ, ಭೂಮಿಗೆ ಅವಳ ಪಾಲು ಉಣಿಸುತ್ತೇವೆ. ಸೊರಬದಲ್ಲಿ ಅಂದು ಭೂಮಿ ಬಸುರಿ. ಗದ್ದೆಗೆ ಬಯಕೆಯೂಟ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಹೆಂಗಸರು ಚಿತ್ತಾರ ಬರೆಯುತ್ತಾರೆ. ಕುಂಚ ಪುಂಡಿ ನಾರಿನದು. ನಾವು ಪಲ್ಯ ಮಾಡಿ ತಿನ್ನುವ ಪುಂಡಿಯ ನಾರಿನಿಂದ ಇಲ್ಲಿ ಗೆರೆ ಎಳೆಯುತ್ತಾರೆ. ಹೆರಿಗೆಗೆ ಮೊದಲು ಆ ಕೇರಿಯಲ್ಲಿ ಒಳ್ಳೆಯ ಗೆರೆ ಎಂದರೆ ರೇಣುಕಾಳದು.

ಅತ್ತೆಯ ಮಾತು ಕೇಳಿ ರೇಣುಕಾ ಎದ್ದಳು. ಗೂಟಕ್ಕೆ ನೇತುಹಾಕಿದ್ದ ಬುಟ್ಟಿಯನ್ನು ತಾನೇ ಇಳಿಸಿಕೊಂಡಳು.

“ಇಡೇ ಅದನ್ನ. ಭೂಮ್ತಾಯಿ ಬುಟ್ಟಿ ಅದು.”

“ಹೌದತ್ತೆ. ಬಸುರಿ ಅಂತ ಅವಳಿಗೆ ಕಡುಬು ಬಡಿಸ್ತೀರಿ. ಹೆತ್ತ ಮೇಲೆ ಅವಳ್ನೂ ಕಟ್ಟಿಗೆ ಮಾಡಿಗೆ ಹಾಕ್ತೀರಾ?”

ಗುತ್ಯಮ್ಮ ನನ್ನ ಕಡೆ ತಿರುಗಿದರು. “ಏನ್ ಬಾಯಿ ಬಂದಿದೆ ನೋಡ್ರೀ ಇವಳಿಗೆ! ಶಿಕಾರಿಪುರದಲ್ಲಿ ಇದೇ ಕಲಿಸ್ತೀರಾ?”

“ನೀರು ಕುಡಿಯೋದಷ್ಟೇ ಕಲಿಸೀವ್ರೀ” ಎಂದೆ.

ಅವಳ ಗಂಡ ಲೋಕೇಶ ಬಾಗಿಲಲ್ಲಿ ನಿಂತು ನಕ್ಕ. ಅಮ್ಮ ನೋಡಿದ ಕೂಡಲೇ ನಗು ನುಂಗಿದ. ರೇಣುಕಾ ಅವನನ್ನೂ ಬಿಡಲಿಲ್ಲ. “ಹಲ್ಲು ಕಿಸಿಬೇಡಿ. ಭಾರ ಎತ್ತಬಾರ್ದು ಅಂತ ಡಾಕ್ಟ್ರು ಹೇಳಿದಾರೆ. ಬರೆಯೋದು ನಾನು, ಹೊರೋದು ನೀವು.” ಅವನು ಹೂಂ ಎಂದ. ಆ ಮನೆಯಲ್ಲಿ ನಾನು ಕೇಳಿದ ಅವನ ಮೊದಲ ಮಾತು ಅದು.

ಹುಣ್ಣಿಮೆಯ ಬೆಳಿಗ್ಗೆ ಹೋದಾಗ ರೇಣುಕಾ ಚಿತ್ತಾರ ಬರೆದ ಬುಟ್ಟಿ ಲೋಕೇಶನ ತಲೆಯ ಮೇಲಿತ್ತು. ಪೂಜೆಯಾಗಿ, ಚರಗ ಬೀರಿ, ಎಲ್ಲರೂ ಗದ್ದೆಯ ಅಂಚಿನಲ್ಲಿ ಚಾಪೆ ಹಾಸಿ ಊಟಕ್ಕೆ ಕೂತರು. ರೇಣುಕಾ ಯಾರೂ ಕರೆಯುವ ಮೊದಲೇ ಚಾಪೆಯ ನಡುವೆ ಕೂತಳು. ಸೌತೆಕಾಯಿ ಕಡುಬು ತಿಂದಳು. ಚೊಂಬು ಎತ್ತಿ ಗಟಗಟ ನೀರು ಕುಡಿದಳು. ನಾದಿನಿಯರು ಮುಖ ಮುಖ ನೋಡಿಕೊಂಡರು.

ಕೈ ತೊಳೆಯಲು ಅವಳು ಎದ್ದಾಗ ಗುತ್ಯಮ್ಮನ ಅಂಗೈ ಅವಳು ಕೂತಿದ್ದ ಜಾಗಕ್ಕೆ ಚಾಚಿತು.

“ಮುಟ್ಟಿ ನೋಡ್ಬೇಡಿ ಅತ್ತೆ” ಎಂದಳು ರೇಣುಕಾ. ದನಿ ಏರಿರಲಿಲ್ಲ. “ಒಣಗೇ ಇದೆ. ನಾಳೆ ಒದ್ದೆ ಆದ್ರೂ ನಾನು ಇಲ್ಲೇ ಕೂರೋದು.”

ಶಸ್ತ್ರಚಿಕಿತ್ಸೆ ಎಲ್ಲರಿಗೂ ಪೂರ್ತಿ ಫಲ ಕೊಡುವುದಿಲ್ಲ. ನಮ್ಮ ಆರೈಕೆ ಮನೆಯಲ್ಲಿ ಇನ್ನೂ ಸೋರುವವರಿದ್ದಾರೆ. ಚಾಪೆ ಅವರದೂ ಹೌದು. ಇದನ್ನು ಊರೂರಿಗೆ ಹೇಗೆ ಹೇಳುವುದೆಂದು ನಾನು ತಡಕಾಡುತ್ತಿದ್ದೆ. ರೇಣುಕಾ ಬಾಯಿ ಒರೆಸಿಕೊಳ್ಳುತ್ತಾ ಹೇಳಿಬಿಟ್ಟಳು.

ಗುತ್ಯಮ್ಮ ಕೈ ಹಿಂದಕ್ಕೆಳೆದುಕೊಂಡರು. ಕಡುಬಿನ ಪಾತ್ರೆಯನ್ನು ಅತ್ತ ಸರಿಸಿ, “ಇನ್ನೊಂದು ಕಡುಬು ತಿನ್ನೇ, ಮಾತಾಡಿ ಸುಸ್ತಾಗಿರ್ತೀಯ” ಎಂದು ಗೊಣಗಿದರು. ರೇಣುಕಾ ಅದೇ ಜಾಗಕ್ಕೆ ಬಂದು ಕೂತಳು.

ಅಷ್ಟರಲ್ಲಿ ಊರಿಂದ ಅವ್ವನ ಫೋನು. ನಾನು ಬದುವಿನ ಮೇಲೆ ದೂರ ಸರಿದು ನಿಂತೆ. “ಚರಗ ಚೆಲ್ಲಿದ್ವಿ. ನಿನ್ನ ಪಾಲಿನ ಹೋಳಿಗಿ ಹಂಗ ಐತಿ. ಎಲ್ಲದೀ?”

“ಹೊಲದಾಗ.”

“ಯಾರ ಹೊಲದಾಗ?”

ರೇಣುಕಾ ಚಾಪೆಯಿಂದ ಕೂಗಿದಳು: “ಎಂತಕ್ಕೆ ಹೊರಗಿನೋರ ಹಂಗೆ ನಿತ್ಕಂಡೀರಿ? ಬರ್ರೀ, ಜಾಗ ಇದೆ.”

“ಬಂದೆ” ಎಂದು ಅವಳಿಗೆ ಕೂಗಿದೆ.

ಫೋನಿನಲ್ಲಿ ಅವ್ವ ಕೇಳಿದಳು, “ಯಾವಾಗ ಬರ್ತೀ?”